ಇರುವೆಯಿಂದ ಸೆನ್ಸರ್‌ವರೆಗೆ: ಶುಗರ್ ಅಳೆದ ಕಥೆ

ತೋಳಿಗೆ ನಾಣ್ಯದಷ್ಟು ಬಿಳಿ ಬಿಲ್ಲೆ ಅಂಟಿಸ್ಕೊಂಡಿರೋರನ್ನ ನೋಡಿರ್ತೀರ. ಅದೇ ಸಿಜಿಎಂ, ಹಗಲು ರಾತ್ರಿ ಶುಗರ್ ಅಳೆದು ಫೋನಿಗೆ ಕಳಿಸೋ ಸೆನ್ಸರ್. ಅದು ಬಂದ ದಾರಿ ಇವತ್ತಿನ ಕಥೆ. 👇

1️⃣ ಮೊದಲ ಟೆಸ್ಟ್ ಮಾಡಿದ್ದು ಇರುವೆ! ರೋಗಿಯ ಮೂತ್ರಕ್ಕೆ ಇರುವೆ ಮುತ್ತೋದನ್ನ ನಮ್ಮ ಹಳೇ ವೈದ್ಯರು ಗಮನಿಸಿದ್ರು. 'ಮಧುಮೇಹ' ಅನ್ನೋ ಹೆಸರಲ್ಲೇ ಜೇನು ಇದೆ ನೋಡಿ. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಇಂಗಿಸಿದಾಗ ತಳದಲ್ಲಿ ಉಳಿದದ್ದು ಸಕ್ಕರೆಯಂಥ ಪುಡಿ.

2️⃣ ಲ್ಯಾಬಲ್ಲಿ ನೀಲಿ ದ್ರಾವಣ ಕಾಯಿಸಿ ಇಟ್ಟಿಗೆ ಕೆಂಪು ಬರಿಸಿದ್ದು ನೆನಪಿದ್ಯಾ? ಬೆನೆಡಿಕ್ಟ್ ಟೆಸ್ಟ್! ದಶಕಗಳ ಕಾಲ ರೋಗಿಗಳು ಮನೆಯಲ್ಲಿ ಮಾಡ್ತಿದ್ದದ್ದೂ ಅದನ್ನೇ. ಆದ್ರೆ ಮೂತ್ರ ಹೇಳೋದು ಕೆಲವು ಗಂಟೆ ಹಿಂದಿನ ಸುದ್ದಿ. ಶುಗರ್ ತೀರಾ ಇಳಿದ್ರೆ ಅದಕ್ಕೆ ಗೊತ್ತೇ ಆಗಲ್ಲ. 1922ರಲ್ಲಿ ಇನ್ಸುಲಿನ್ ಬಂದು ಮಕ್ಕಳ ಜೀವ ಉಳೀತು, ಡೋಸ್ ಮಾತ್ರ ಅಂದಾಜಲ್ಲೇ ನಡೀತು. ಹೆಚ್ಚಾದ್ರೆ ಪ್ರಜ್ಞೆ ತಪ್ಪೋದು.

3️⃣ 1969. ಅಮೆರಿಕದ ಇಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್‌ಗೆ ಚಿಕ್ಕಂದಿನಿಂದ ಡಯಾಬಿಟಿಸ್. ರಕ್ತದ ಶುಗರ್ ಅಳೆಯೋ ಮೀಟರಿನ ಜಾಹೀರಾತು ಕಣ್ಣಿಗೆ ಬಿತ್ತು. ಬೆಲೆ 650 ಡಾಲರ್, ಆದ್ರೆ ರೋಗಿಗಳಿಗೆ ಮಾರಲ್ಲ! ಹೆಂಡತಿ ಡಾಕ್ಟರ್, ಅವರ ಹೆಸರಲ್ಲಿ ತರಿಸಿದ್ರು. ದಿನಕ್ಕೆ ಹಲವು ಸಲ ತಾವೇ ಅಳೆದು ಊಟ, ಇನ್ಸುಲಿನ್ ಹೊಂದಿಸ್ಕೊಂಡ್ರು. ಬರೆದದ್ದನ್ನ ವೈದ್ಯಕೀಯ ಪತ್ರಿಕೆಗಳು ಹಾಕಿಕೊಳ್ಳಲಿಲ್ಲ. ಕೊನೆಗೆ 45ರ ಆಸುಪಾಸಲ್ಲಿ ಮೆಡಿಕಲ್ ಕಾಲೇಜ್ ಸೇರಿ ತಾವೇ ಡಾಕ್ಟರಾದ್ರು.

4️⃣ 1993ರಲ್ಲಿ 1,441 ಜನರ ಅಧ್ಯಯನವೊಂದು ಅವರ ದಾರಿಯೇ ಸರಿ ಅಂತ ತೋರಿಸಿತು. ಶುಗರ್ ಬಿಗಿಯಾಗಿ ಹಿಡಿದ್ರೆ ಕಣ್ಣು, ಕಿಡ್ನಿ, ನರ ಉಳಿಯುತ್ತೆ. 1999ರಲ್ಲಿ ಅಮೆರಿಕದಲ್ಲಿ ಮೊದಲ ಸಿಜಿಎಂಗೆ ಅನುಮತಿ ಸಿಕ್ತು. ಆಗಲೂ ರೋಗಿಗೆ ಅಂಕಿ ಕಾಣ್ತಿರಲಿಲ್ಲ, ಡಾಕ್ಟರ್ ಆಮೇಲೆ ನೋಡ್ಬೇಕಿತ್ತು.

5️⃣ ಹಾಗಾದ್ರೆ ಗಿಡಮೂಲಿಕೆ, ಸಪ್ಲಿಮೆಂಟ್? ಯುರೋಪಿನ ಗ್ಯಾಲೆಗಾ ಗಿಡದ ಒಂದು ಅಂಶದ ಜಾಡು ಹಿಡಿದೇ ಮೆಟ್‌ಫಾರ್ಮಿನ್ ಮಾತ್ರೆ ಹುಟ್ಟಿದ್ದು. ಆದ್ರೆ ಗಿಡದಿಂದ ಮಾತ್ರೆ ಆಗೋಕೆ ದಶಕಗಳ ಅಳತೆ, ಪರೀಕ್ಷೆ ಬೇಕಾಯ್ತು. ಮೆಂತ್ಯ, ಹಾಗಲಕಾಯಿ ಊಟದಲ್ಲಿರಲಿ. ಟೈಪ್ 1 ಇರೋರು ಯಾವುದೋ ಪುಡಿ ನಂಬಿ ಇನ್ಸುಲಿನ್ ಬಿಟ್ರೆ ಪ್ರಾಣಕ್ಕೇ ಕುತ್ತು.

6️⃣ ಇನ್ನೊಂದು ವಿಷ್ಯ. ಸೆನ್ಸರ್ ತುದಿಯ ಕಿಣ್ವ ಗ್ಲೂಕೋಸ್ ಜತೆ ವರ್ತಿಸಿದಾಗ ಸಣ್ಣ ವಿದ್ಯುತ್ ಹರಿಯುತ್ತೆ, ಅದೇ ಅಂಕಿಯಾಗುತ್ತೆ. ವಿಟಮಿನ್ ಸಿ ಮಾತ್ರೆ ಜಾಸ್ತಿ ತಗೊಂಡ್ರೆ ಕೆಲವು ಸೆನ್ಸರ್‌ಗಳಲ್ಲಿ ಅದೂ ವಿದ್ಯುತ್ ಕೊಡುತ್ತೆ. ಇಲ್ಲದ ಶುಗರ್ ಇದೆ ಅಂತ ಕಾಣುತ್ತೆ! ಅದನ್ನ ನಂಬಿ ಇನ್ಸುಲಿನ್ ಏರಿಸಿದ್ರೆ ಶುಗರ್ ಕುಸಿಯುತ್ತೆ.

ಅದಕ್ಕೇ ಏನೇ ಸಪ್ಲಿಮೆಂಟ್ ತಗೊಂಡ್ರೂ ಡಾಕ್ಟರಿಗೆ ಹೇಳಿ. ಅಂಕಿ ಒಂದು, ಮೈ ಹೇಳೋದೇ ಇನ್ನೊಂದು ಅನ್ನಿಸಿದ್ರೆ ಬೆರಳು ಚುಚ್ಚಿ ನೋಡಿ. ಮನೆಯಲ್ಲಿ ಸೆನ್ಸರ್ ಹಾಕೋರಿದ್ರೆ ಇದನ್ನ ಕಳಿಸಿ. 💙

#ಶುಗರ್‌ಕಥೆ #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ