ಕಾಕೆಲುಂಗ್ನ್ (ಸ್ವೀಡನ್ನಿನ ಹೆಂಚಿನ ಒಲೆ)

ಕಾಕೆಲುಂಗ್ನ್ ಎಂಬುದು ಒಳಗೆ ಇಟ್ಟಿಗೆಯಿಂದ ಕಟ್ಟಿ ಹೊರಮೈಗೆ ಮೆರುಗಿನ ಹೆಂಚು ಹೊದಿಸಿದ, ಸೌದೆ ಉರಿಸಿ ಕೋಣೆಯನ್ನು ಬೆಚ್ಚಗಿಡುವ ಎತ್ತರದ ಒಲೆ. ಜರ್ಮನ್ ಭಾಷಿಕ ನಾಡುಗಳಲ್ಲಿ ಹೆಂಚಿನ ಒಲೆಗಳು ಮಧ್ಯಯುಗದಿಂದಲೇ ಬಳಕೆಯಲ್ಲಿದ್ದು, ಅಲ್ಲಿಂದ ಸ್ವೀಡನ್ನಿಗೂ ಬಂದಿದ್ದವು. ಆದರೆ ಹಳೆಯ ಒಲೆಗಳಲ್ಲಿ ಹೊಗೆ ಹೆಚ್ಚು ಸುತ್ತಾಡದೆ ಚಿಮಣಿ ಸೇರುತ್ತಿದ್ದುದರಿಂದ ಶಾಖದ ಬಹುಪಾಲು ಹೊರಗೆ ಹೋಗುತ್ತಿತ್ತು. ಗೋಡೆಯ ತೆರೆದ ಅಗ್ಗಿಷ್ಟಿಕೆಯಂತೂ ಕೋಣೆಯ ಬೆಚ್ಚನೆಯ ಗಾಳಿಯನ್ನೇ ಎಳೆದುಕೊಂಡು, ಬಾಗಿಲು ಕಿಟಕಿಗಳ ಸಂದಿನಿಂದ ಚಳಿಗಾಳಿ ನುಗ್ಗುವಂತೆ ಮಾಡುತ್ತಿತ್ತು.

18ನೆಯ ಶತಮಾನದ ಸ್ವೀಡನ್ನಿನಲ್ಲಿ ಕಾಡು ಹೇರಳವಾಗಿದ್ದರೂ ಸೌದೆಯ ಅಭಾವದ ಭಯ ಕಾಡಿತು. ದೇಶದ ಮುಖ್ಯ ರಫ್ತಾಗಿದ್ದ ಕಬ್ಬಿಣವನ್ನು ಕರಗಿಸಲು ಅಪಾರ ಇದ್ದಿಲು ಬೇಕಿದ್ದು, ಮನೆಯ ಒಲೆಗೂ ಕಬ್ಬಿಣದ ಕುಲುಮೆಗೂ ಒಂದೇ ಕಾಡು ಆಸರೆಯಾಗಿತ್ತು. ಈ ಹಿನ್ನೆಲೆಯಲ್ಲಿ 1767ರಲ್ಲಿ ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಡುವ ಒಲೆಯನ್ನು ರೂಪಿಸುವ ಹೊಣೆ ವಾಸ್ತುಶಿಲ್ಪಿ ಕಾರ್ಲ್ ಯೋಹಾನ್ ಕ್ರೋನ್‌ಸ್ಟೆಡ್ ಹಾಗೂ ಫಾಬಿಯನ್ ವ್ರೇದೆ ಅವರ ಮೇಲೆ ಬಿತ್ತು.

ಅವರ ಒಲೆಯ ಗುಟ್ಟು ಹೊಗೆಯ ದಾರಿಯನ್ನು ಉದ್ದ ಮಾಡಿದ್ದರಲ್ಲಿದೆ. ಉರಿಗೂಡಿನಿಂದ ಮೇಲೇರಿದ ಬಿಸಿ ಹೊಗೆ ಒಲೆಯ ನೆತ್ತಿಯನ್ನು ಮುಟ್ಟಿ, ಪಕ್ಕದ ಕಾಲುವೆಗಳಲ್ಲಿ ಬುಡದವರೆಗೆ ಇಳಿದು, ಮತ್ತೆ ಮೇಲೇರಿ ಚಿಮಣಿ ಸೇರುವಷ್ಟರಲ್ಲಿ ತನ್ನ ಶಾಖದ ದೊಡ್ಡ ಪಾಲನ್ನು ಇಟ್ಟಿಗೆಗೆ ಬಿಟ್ಟುಕೊಡುತ್ತದೆ. ಒಂದೆರಡು ಗಂಟೆ ಜೋರಾಗಿ ಉರಿಸಿದರೆ ಸಾಕು, ಕಾದ ಇಟ್ಟಿಗೆ ಆ ಶಾಖವನ್ನು ಮುಂದಿನ ಹಲವು ಗಂಟೆಗಳ ಕಾಲ ನಿಧಾನವಾಗಿ ಕೋಣೆಗೆ ಬಿಡುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ 1744ರಲ್ಲಿ ವಿವರಿಸಿದ ಪೆನ್ಸಿಲ್ವೇನಿಯದ ಕಬ್ಬಿಣದ ಒಲೆಯೂ ಸೌದೆ ಉಳಿಸುವ ಉದ್ದೇಶದ್ದೇ. ಆದರೆ ಕಬ್ಬಿಣ ಬೇಗ ಕಾಯ್ದು ಬೇಗ ಆರುವುದರಿಂದ, ರಾತ್ರಿಯಿಡೀ ಬೆಚ್ಚಗಿಡುವ ವಿಷಯದಲ್ಲಿ ಇಟ್ಟಿಗೆಯದೇ ಮೇಲುಗೈ.

ಒಲೆಯನ್ನು ನೋಡಿಕೊಳ್ಳುವವರಿಗೆ ಹದ ತಿಳಿದಿರಬೇಕಿತ್ತು. ಉರಿ ಆರಿದ ಮೇಲೆ ಶಾಖ ಚಿಮಣಿಯಿಂದ ಜಾರಿಹೋಗದಂತೆ ಹೊಗೆದಾರಿಯ ತಗಡನ್ನು ಮುಚ್ಚುವುದು ರೂಢಿ. ಕೆಂಡದ ಮೇಲೆ ನೀಲಿ ಜ್ವಾಲೆ ಆಡುತ್ತಿರುವಾಗಲೇ ಮುಚ್ಚಿದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೋಣೆಗೆ ಹರಡಿ, ಮಲಗಿದವರ ಪ್ರಾಣಕ್ಕೇ ಎರವಾಗುತ್ತಿತ್ತು.

ಹೊಸ ವಿನ್ಯಾಸದ ವಿವರಣೆ ಚಿತ್ರಗಳೊಡನೆ 1775ರಲ್ಲಿ ಪ್ರಕಟವಾಯಿತು. ಸಿರಿವಂತರ ಮನೆಗಳಲ್ಲಿ ಮೊದಲು ಕಾಣಿಸಿಕೊಂಡ ಈ ಒಲೆ, 19ನೆಯ ಶತಮಾನದಲ್ಲಿ ರೋರ್‌ಸ್ಟ್ರಾಂಡ್‌ನಂಥ ಕಾರ್ಖಾನೆಗಳು ಹೆಂಚುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದರಿಂದ ನಗರದ ಸಾಮಾನ್ಯ ಮನೆಗಳನ್ನೂ ಸೇರಿತು. 20ನೆಯ ಶತಮಾನದಲ್ಲಿ ಕೇಂದ್ರೀಯ ತಾಪನ ವ್ಯವಸ್ಥೆ, ಅಂದರೆ ಒಂದೇ ಬಾಯ್ಲರಿನ ಬಿಸಿನೀರು ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೆ ಹರಿಯುವ ಏರ್ಪಾಡು, ಬಂದಾಗ ಬಹಳಷ್ಟು ಒಲೆಗಳನ್ನು ಕೆಡವಲಾಯಿತು. ಸುಂದರವೂ ಉಪಯುಕ್ತವೂ ಆಗಿದ್ದ ವಸ್ತುಗಳ ಈ ನಾಶ ನಿಜಕ್ಕೂ ನಷ್ಟವೇ.

1973ರ ತೈಲ ಬಿಕ್ಕಟ್ಟಿನ ನಂತರ ಸೌದೆಗೆ ಮತ್ತೆ ಬೆಲೆ ಬಂದಿತು. ಇಂದಿನ ಸೌದೆ ಬಾಯ್ಲರುಗಳಲ್ಲಿ ಕಟ್ಟಿಗೆಯಿಂದ ಹೊಮ್ಮುವ ಅನಿಲವನ್ನು ಇನ್ನೊಂದು ಗೂಡಿನಲ್ಲಿ ಪೂರ್ತಿಯಾಗಿ ಉರಿಸಿ, ಆ ಶಾಖದಿಂದ ಕಾದ ನೀರನ್ನು ದೊಡ್ಡ ತೊಟ್ಟಿಯಲ್ಲಿ ಕೂಡಿಟ್ಟು ಬೇಕಾದಾಗ ಮನೆಗೆ ಹರಿಸಲಾಗುತ್ತದೆ. ಕಡಿಮೆ ಹೊತ್ತು ಜೋರಾಗಿ ಉರಿಸಿ ಶಾಖವನ್ನು ಕೂಡಿಡುವ 1767ರ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಇಟ್ಟಿಗೆಯ ಜಾಗಕ್ಕೆ ನೀರು ಬಂದಿದೆ.