ಮನೆಗೆ ವ್ಯಾಯಾಮ ಯಂತ್ರ: ಕೊಳ್ಳುವ ಮುನ್ನ ಅಳೆದು ನೋಡಿ

ವ್ಯಾಯಾಮ ಯಂತ್ರವೊಂದು ಮನೆಗೆ ಬಂದ ಮೊದಲ ವಾರ ಮನೆಮಂದಿಯೆಲ್ಲ ಅದನ್ನೇರಲು ಸರದಿಯಲ್ಲಿ ನಿಲ್ಲುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅದು ಟವೆಲು ಒಣಹಾಕುವ ಸ್ಟ್ಯಾಂಡಾಗಿ ಮಾರ್ಪಟ್ಟಿರುತ್ತದೆ. ಇದಕ್ಕೆ ಸೋಮಾರಿತನವನ್ನಷ್ಟೇ ದೂರುವುದು ಸರಿಯಲ್ಲ. ಬಳಸುವವರ ಮೊಣಕಾಲಿಗೆ ಒಗ್ಗದ, ಕೋಣೆಗೆ ಹಿಡಿಸದ, ಭಾರ ತಾಳದ ಯಂತ್ರವನ್ನು ಕೇವಲ ಜಾಹೀರಾತು ನಂಬಿ ಕೊಂಡಿರುವುದೂ ಅಷ್ಟೇ ದೊಡ್ಡ ಕಾರಣ.

ಪ್ರಶ್ನೆ ಹಣದ್ದು ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು, ಜತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ನೀಡುವ ಕಸರತ್ತು ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ಕರಾವಳಿ ಮತ್ತು ಮಲೆನಾಡಿನವರಿಗೆ, ಪಾದಚಾರಿ ಮಾರ್ಗವೇ ಇಲ್ಲದ ನಗರದ ಬಡಾವಣೆಗಳಲ್ಲಿ ವಾಸಿಸುವ ಹಿರಿಯರಿಗೆ ಮನೆಯೊಳಗಿನ ಯಂತ್ರ ಶೋಕಿಯಲ್ಲ, ಅಗತ್ಯ. ಅಂಥವರು ಆಯ್ಕೆಯಲ್ಲಿ ಎಡವಿದರೆ ಹಣದೊಂದಿಗೆ ವ್ಯಾಯಾಮವೂ ಕೈಬಿಟ್ಟು ಹೋಗುತ್ತದೆ.

ಯಂತ್ರವನ್ನು ಪರೀಕ್ಷಿಸಲು ಪರಿಣತರೇ ಬೇಕೆಂದಿಲ್ಲ. ಒಂದು ಅಳತೆ ಟೇಪು, ಸೆಕೆಂಡಿನ ಮುಳ್ಳಿರುವ ಗಡಿಯಾರ, ಒಂದು ಚೂರು ಸೀಮೆಸುಣ್ಣ, ನಡಿಗೆಯ ಬೂಟು ಇವಿಷ್ಟು ಸಾಕು. ಆದರೆ ಅಂಗಡಿಯಲ್ಲಿ ಎರಡು ನಿಮಿಷ ಏರಿ ಇಳಿದರೆ ಏನೂ ತಿಳಿಯದು. ಪ್ರತಿ ಯಂತ್ರದ ಮೇಲೂ ಕನಿಷ್ಠ 15ರಿಂದ 20 ನಿಮಿಷ ಕಳೆಯಬೇಕು. ಮನೆಯಲ್ಲಿ ಅದನ್ನು ಹೆಚ್ಚಾಗಿ ಬಳಸುವವರೇ ಪರೀಕ್ಷೆಗೂ ಬರಬೇಕು.

ಟ್ರೆಡ್‌ಮಿಲ್

ಕಾಲಿನಿಂದ ತುಳಿದು ತಿರುಗಿಸುವ ಚಕ್ರವನ್ನು ಇಂಗ್ಲೆಂಡಿನ ಸೆರೆಮನೆಗಳಲ್ಲಿ ಕೈದಿಗಳ ಶಿಕ್ಷೆಗಾಗಿ 1818ರಲ್ಲಿ ರೂಪಿಸಿದವರು ವಿಲಿಯಂ ಕ್ಯೂಬಿಟ್. ಹೃದಯ ಪರೀಕ್ಷೆಯ ಟ್ರೆಡ್‌ಮಿಲ್ 1952ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರೂಸ್ ಮತ್ತು ವೇಯ್ನ್ ಕ್ವಿಂಟನ್ ಅವರಿಂದ ರೂಪುಗೊಂಡಿತು. ಇಂದು ಮನೆಗಳಿಗಾಗಿ ಹೆಚ್ಚು ಮಂದಿ ಮೊದಲು ವಿಚಾರಿಸುವುದು ಇದನ್ನೇ. ನಡಿಗೆಗೆ ಹೊಸ ಅಭ್ಯಾಸ ಬೇಕಿಲ್ಲ ಎಂಬುದು ಇದರ ದೊಡ್ಡ ಅನುಕೂಲ.

ಇಲ್ಲಿ ಮೊದಲು ಪರಿಶೀಲಿಸಬೇಕಾದದ್ದು ಮೋಟಾರಿನ ಅಶ್ವಶಕ್ತಿ. ಒಂದು ಅಶ್ವಶಕ್ತಿ ಎಂದರೆ 746 ವಾಟ್. ನಮ್ಮ ಮನೆಗಳ 230 ವೋಲ್ಟಿನ ಸಂಪರ್ಕದಲ್ಲಿ 6 ಆಂಪಿಯರಿನ ಸಣ್ಣ ಪ್ಲಗ್ ಕೊಡಬಲ್ಲದ್ದು ಹೆಚ್ಚೆಂದರೆ 1,380 ವಾಟ್, ಅಂದರೆ ಎರಡು ಅಶ್ವಶಕ್ತಿಗಿಂತಲೂ ಕಡಿಮೆ. ಹೀಗಿರುವಾಗ ಸಣ್ಣ ಪ್ಲಗ್ಗಿನ ಯಂತ್ರದ ಮೇಲೆ ‘4 ಅಶ್ವಶಕ್ತಿ’ ಎಂದು ಅಚ್ಚಾಗಿದ್ದರೆ ಅದು ಕ್ಷಣಮಾತ್ರ ತಲುಪಬಹುದಾದ ಗರಿಷ್ಠ ಶಕ್ತಿಯೇ ಹೊರತು ಮೋಟಾರು ಸತತವಾಗಿ ನೀಡುವ ಶಕ್ತಿಯಲ್ಲ. ಆದ್ದರಿಂದ ಸತತ ಅಶ್ವಶಕ್ತಿ ಎಷ್ಟೆಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ದೊಡ್ಡ ಯಂತ್ರಗಳಿಗೆ 16 ಆಂಪಿಯರಿನ ಪ್ಲಗ್ ಬೇಕಾಗುತ್ತದೆ. ಯಂತ್ರ ಇಡಲಿರುವ ಕೋಣೆಯಲ್ಲಿ ಅದಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಎರಡನೆಯದು ನಿಧಾನಗತಿಯ ಪರೀಕ್ಷೆ. ಮನೆಯಲ್ಲಿ ಅತಿ ಹೆಚ್ಚು ತೂಕವಿರುವವರು ಗಂಟೆಗೆ 3 ಕಿ.ಮೀ. ವೇಗದಲ್ಲಿ ಐದು ನಿಮಿಷ ನಡೆಯಲಿ. ಭಾರ ಹೊತ್ತು ನಿಧಾನವಾಗಿ ತಿರುಗುವುದೇ ಇಂಥ ಮೋಟಾರಿಗೆ ಕಷ್ಟದ ಕೆಲಸ. ಹೆಜ್ಜೆ ಊರಿದಾಗಲೆಲ್ಲ ಬೆಲ್ಟು ತಡವರಿಸಿದರೆ ಆ ಯಂತ್ರ ಆ ಮನೆಗೆ ಸಾಲದು ಎಂದೇ ತಿಳಿಯಬೇಕು.

ಮೂರನೆಯದು ವೇಗದ ಪರೀಕ್ಷೆ. ಪ್ಲಗ್ ತೆಗೆದು, ಬೆಲ್ಟಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಕೈಯಿಂದ ಸರಿಸುತ್ತ ಒಂದು ಪೂರ್ಣ ಸುತ್ತಿನ ಉದ್ದವನ್ನು ಅಳೆಯಿರಿ. ಬಳಿಕ ಒಬ್ಬರು ಮೇಲೆ ನಡೆಯುತ್ತಿರುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಒಂದು ನಿಮಿಷದಲ್ಲಿ ಗುರುತು ಎಷ್ಟು ಬಾರಿ ಹಾದುಹೋಯಿತೆಂದು ಎಣಿಸಬೇಕು. ಸುತ್ತಿನ ಉದ್ದ 2.8 ಮೀಟರ್ ಇದ್ದು 30 ಸುತ್ತು ಬಂದರೆ ನಿಮಿಷಕ್ಕೆ 84 ಮೀಟರ್, ಗಂಟೆಗೆ ಸುಮಾರು 5 ಕಿ.ಮೀ. ಆಯಿತು. ಪರದೆಯ ಮೇಲೆ 6 ಕಿ.ಮೀ. ಎಂದಿದ್ದರೆ ನಡೆದ ದೂರದ ಲೆಕ್ಕವೂ ತಪ್ಪೇ.

ನಡಿಗೆಗೆ 16 ಅಂಗುಲ ಅಗಲ, 48 ಅಂಗುಲ ಉದ್ದದ ಬೆಲ್ಟು ಸಾಕಾಗಬಹುದು. ಓಡುವವರಿಗೆ 20 ಅಂಗುಲ ಅಗಲ, 55 ಅಂಗುಲಕ್ಕೂ ಹೆಚ್ಚಿನ ಉದ್ದ ಬೇಕು. ಜಾರಿದವರು ಹಿಂದಕ್ಕೆ ಎಸೆಯಲ್ಪಡುವುದರಿಂದ ಯಂತ್ರದ ಹಿಂದೆ ಸುಮಾರು 2 ಮೀಟರ್ ಖಾಲಿ ಜಾಗ ಇರಲೇಬೇಕು. ಗೋಡೆಗೆ ಬೆನ್ನು ಮಾಡಿ ಯಂತ್ರವಿಡುವುದು ಅಪಾಯಕಾರಿ.

ವ್ಯಾಯಾಮ ಸೈಕಲ್

ಕಡಿಮೆ ಜಾಗ, ಕಡಿಮೆ ಸದ್ದು, ಅತ್ಯಲ್ಪ ವಿದ್ಯುತ್ ಇವು ಸೈಕಲ್ಲಿನ ಗುಣಗಳು. ದೇಹದ ಭಾರ ಆಸನದ ಮೇಲೆ ಬೀಳುವುದರಿಂದ ಸ್ಥೂಲಕಾಯದವರ ಮೊಣಕಾಲಿಗೆ ಇದು ಹಿತ. ಆದರೆ ಇದೇ ಕಾರಣದಿಂದ ನಡಿಗೆಯಷ್ಟು ಮೂಳೆಗೆ ಬಲ ಬರುವುದಿಲ್ಲ ಎಂಬುದನ್ನು ವಯಸ್ಸಾದ ಮಹಿಳೆಯರು ಗಮನದಲ್ಲಿಡಬೇಕು.

ಆಸನದ ಎತ್ತರವೇ ಇಲ್ಲಿನ ಮುಖ್ಯ ಪರೀಕ್ಷೆ. ಪೆಡಲ್ ಅತ್ಯಂತ ಕೆಳಗಿರುವಾಗ ಮೊಣಕಾಲು ಸ್ವಲ್ಪವಷ್ಟೇ ಬಾಗಿರಬೇಕು. ಸೊಂಟ ಅತ್ತಿತ್ತ ಓಲಾಡಿದರೆ ಆಸನ ಹೆಚ್ಚು ಎತ್ತರದಲ್ಲಿದೆ. ಮೊಣಕಾಲು ಎದೆಯತ್ತ ಬಂದರೆ ತೀರಾ ತಗ್ಗಿನಲ್ಲಿದೆ. ಮನೆಯ ಅತಿ ಎತ್ತರದವರಿಗೂ ಅತಿ ಗಿಡ್ಡನೆಯವರಿಗೂ ಆಸನ ಹೊಂದುತ್ತದೆಯೇ ಎಂದು ಇಬ್ಬರನ್ನೂ ಕೂರಿಸಿ ನೋಡಬೇಕು.

ಪೆಡಲಿಗೆ ಬಿಗಿ ಕೊಡುವ ವಿಧಾನಗಳು ಮೂರು. ಚಕ್ರಕ್ಕೆ ಉಜ್ಜುವ ಪ್ಯಾಡ್ ಅಗ್ಗ, ಆದರೆ ಸವೆಯುತ್ತದೆ. ಅಯಸ್ಕಾಂತದ ವಿಧಾನದಲ್ಲಿ ಉಜ್ಜುವ ಭಾಗವಿಲ್ಲವಾದ್ದರಿಂದ ಸದ್ದೂ ಸವೆತವೂ ಕಡಿಮೆ. ಫ್ಯಾನಿನ ಸೈಕಲ್ಲಿನಲ್ಲಿ ತುಳಿದಷ್ಟೂ ಗಾಳಿಯ ತಡೆ ಹೆಚ್ಚುತ್ತದೆ, ಸದ್ದೂ ಹೆಚ್ಚುತ್ತದೆ. ಬೆನ್ನುನೋವಿರುವವರು ಬೆನ್ನಿಗೆ ಒರಗಿರುವ, ಪೆಡಲು ಮುಂದಕ್ಕಿರುವ ಮಾದರಿಯನ್ನು ಪರೀಕ್ಷಿಸುವುದು ಲೇಸು.

ಕ್ರಾಸ್ ಟ್ರೈನರ್

ಅಂಡಾಕಾರದ ಪಥದಲ್ಲಿ ಪಾದ ಚಲಿಸುವ ಈ ಯಂತ್ರವನ್ನು 1995ರಲ್ಲಿ ಅಮೆರಿಕದ ಪ್ರಿಕಾರ್ ಸಂಸ್ಥೆ ಮಾರುಕಟ್ಟೆಗೆ ತಂದು ಜನಪ್ರಿಯಗೊಳಿಸಿತು. ಪಾದ ಪೆಡಲನ್ನು ಬಿಟ್ಟೇಳದ ಕಾರಣ ನೆಲಕ್ಕೆ ಅಪ್ಪಳಿಸುವ ಪೆಟ್ಟಿಲ್ಲ. ಆದರೂ ದೇಹದ ಭಾರ ಕಾಲಿನ ಮೇಲೆಯೇ ಇರುತ್ತದೆ. ಓಡುವ ಶ್ರಮ ಬೇಕು, ಓಟದ ಪೆಟ್ಟು ಬೇಡ ಎನ್ನುವವರಿಗೆ ಇದು ಸೂಕ್ತ.

ಇಲ್ಲಿ ಎರಡು ಅಳತೆ ಮುಖ್ಯ. ಮೊದಲನೆಯದು ಹೆಜ್ಜೆಯ ಉದ್ದ. ಅಗ್ಗದ ಯಂತ್ರಗಳಲ್ಲಿ ಅದು 12ರಿಂದ 14 ಅಂಗುಲವಷ್ಟೇ ಇದ್ದು, ನಡೆದಂತಾಗದೆ ಮೆಟ್ಟಿಲು ತುಳಿದಂತಾಗುತ್ತದೆ. ಸಾಧಾರಣ ಎತ್ತರದವರಿಗೆ 16ರಿಂದ 18 ಅಂಗುಲ ಇದ್ದರೆ ಚೆನ್ನ. ಎರಡನೆಯದು ತಲೆಯ ಮೇಲಿನ ಜಾಗ. ಪೆಡಲು ಮೇಲೇರಿದಾಗ ನೆಲದಿಂದ ಅದರ ಎತ್ತರವನ್ನು ಅಳೆದು, ಅದಕ್ಕೆ ಬಳಸುವವರ ಎತ್ತರವನ್ನೂ ಇನ್ನೂ ಅರ್ಧ ಅಡಿಯನ್ನೂ ಕೂಡಿಸಬೇಕು. 6 ಅಡಿ ಎತ್ತರದವರಿಗೆ ಇದು 8 ಅಡಿಯ ಸಮೀಪಕ್ಕೆ ಬರಬಹುದು. ನಮ್ಮ ಮನೆಗಳಲ್ಲಿ ತಾರಸಿಗಿಂತ ಮೊದಲು ತಲೆಗೆ ತಗಲುವುದು ಸೀಲಿಂಗ್ ಫ್ಯಾನ್ ಎಂಬುದನ್ನು ಮರೆಯಬಾರದು.

ರೋಯಿಂಗ್ ಯಂತ್ರ

ದೋಣಿಗೆ ಹುಟ್ಟು ಹಾಕುವ ಚಲನೆಯ ಈ ಯಂತ್ರ ಕಾಲು, ಬೆನ್ನು, ತೋಳು ಮೂರಕ್ಕೂ ಒಟ್ಟಿಗೆ ಕೆಲಸ ಕೊಡುತ್ತದೆ. ಅಮೆರಿಕದ ಡ್ರೈಸಿಗಾಕರ್ ಸಹೋದರರ ಕಾನ್ಸೆಪ್ಟ್2 ಸಂಸ್ಥೆ 1981ರಲ್ಲಿ ಸೈಕಲ್ ಚಕ್ರ ಬಳಸಿ ತಯಾರಿಸಿದ ಮಾದರಿಯಿಂದ ಇದು ವ್ಯಾಪಕವಾಯಿತು. ಶ್ರಮಕ್ಕೆ ತಕ್ಕ ಫಲವಿದೆ, ಆದರೆ ಕ್ರಮ ತಪ್ಪಿದರೆ ಸೊಂಟಕ್ಕೆ ತೊಂದರೆ. ಮೊದಲು ಕಾಲಿನಿಂದ ತಳ್ಳಿ, ನಂತರ ಬೆನ್ನನ್ನು ಹಿಂದಕ್ಕೆ ವಾಲಿಸಿ, ಕೊನೆಗೆ ತೋಳಿನಿಂದ ಎಳೆಯಬೇಕು. ಮರಳುವಾಗ ಇದೇ ಕ್ರಮ ತಿರುವುಮುರುವಾಗಬೇಕು. ಸುಮಾರು 8 ಅಡಿ ಉದ್ದದ ಜಾಗವೂ ಬೇಕು.

ಇದರ ಆಸನ ನೆಲಕ್ಕೆ ಹತ್ತಿರವಿರುತ್ತದೆ. ಆಸರೆಯಿಲ್ಲದೆ ಅದರಿಂದ ಎದ್ದು ನಿಲ್ಲಲು ಸಾಧ್ಯವೇ ಎಂಬುದೇ ಹಿರಿಯರಿಗೆ ಮೊದಲ ಪರೀಕ್ಷೆ. ಬೆನ್ನುಹುರಿಯ ಡಿಸ್ಕ್ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಇದನ್ನು ಕೊಳ್ಳಬಾರದು.

ಪರದೆ ಹೇಳುವ ಕ್ಯಾಲೊರಿ

60 ಕಿಲೋ ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆದರೆ ಸ್ಥೂಲವಾಗಿ 105 ಕ್ಯಾಲೊರಿ ವ್ಯಯವಾಗುತ್ತದೆ. 80 ಕಿಲೋ ತೂಕದವರಿಗೆ ಅದು 140. ತೂಕವನ್ನೇ ಕೇಳದ ಯಂತ್ರ ಇಬ್ಬರಿಗೂ ಒಂದೇ ಅಂಕಿ ತೋರಿಸಿದರೆ ಅದು ಲೆಕ್ಕವಲ್ಲ, ಊಹೆ. ಕೈಹಿಡಿಕೆಗೆ ಭಾರ ಬಿಟ್ಟು ನಡೆದರೆ ಶ್ರಮ ಇನ್ನೂ ಕಡಿಮೆಯಾಗುತ್ತದೆ. ಆದರೆ ಪರದೆಗೆ ಅದು ತಿಳಿಯದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಕೈಗೆ ಕಟ್ಟುವ ಏಳು ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿತು. ಆರು ಸಾಧನಗಳ ಹೃದಯ ಬಡಿತದ ಲೆಕ್ಕ ಶೇ 5ರೊಳಗಿನ ದೋಷದಲ್ಲಿತ್ತು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮವೆನಿಸಿದ್ದೂ ಸರಾಸರಿ ಶೇ 27ರಷ್ಟು ತಪ್ಪಿತು. ಆದ್ದರಿಂದ ಪರದೆಯ ಕ್ಯಾಲೊರಿ ನೋಡಿ ಊಟ ಹೆಚ್ಚಿಸುವುದು, ಮಧುಮೇಹಿಗಳು ಔಷಧ ತಗ್ಗಿಸುವುದು ಸಲ್ಲದು. ಹಿಡಿಕೆಯ ನಾಡಿ ಸೂಚಕವನ್ನೂ ಪರೀಕ್ಷಿಸಬಹುದು. ಯಂತ್ರದಿಂದ ಇಳಿದೊಡನೆ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು.

ಕುಳಿತಲ್ಲೇ ಹೊಟ್ಟೆ ಕರಗಿಸುವ ವಿದ್ಯುತ್ ಬೆಲ್ಟುಗಳ ವಿಷಯದಲ್ಲಿ ಪರೀಕ್ಷೆಯೂ ಬೇಡ. ಇಂಥ ಪ್ರಚಾರ ಮಾಡಿದ ಮೂರು ಬೆಲ್ಟುಗಳ ಮಾರಾಟಗಾರರ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲೇ ಮೊಕದ್ದಮೆ ಹೂಡಿತ್ತು.

ಮಕ್ಕಳಿರುವ ಮನೆಯಲ್ಲಿ

2021ರ ಮೇ ತಿಂಗಳಲ್ಲಿ ಪೆಲೋಟನ್ ಸಂಸ್ಥೆ ತನ್ನ ಟ್ರೆಡ್ ಪ್ಲಸ್ ಮಾದರಿಯ ಸುಮಾರು 1.25 ಲಕ್ಷ ಯಂತ್ರಗಳನ್ನು ಹಿಂಪಡೆಯಿತು. ಯಂತ್ರದ ಹಿಂಬದಿಯ ಅಡಿಗೆ ಸೆಳೆಯಲ್ಪಟ್ಟು 6 ವರ್ಷದ ಮಗುವೊಂದು ಮೃತಪಟ್ಟಿತ್ತು. ಈ ಅಪಾಯ ಒಂದೇ ಕಂಪನಿಯ ಯಂತ್ರಕ್ಕೆ ಸೀಮಿತವಲ್ಲ. ತಿರುಗುವ ಬೆಲ್ಟು ಮಕ್ಕಳ ಬೆರಳನ್ನು ಕ್ಷಣದಲ್ಲಿ ಸೆಳೆದುಕೊಳ್ಳುತ್ತದೆ. ಅಂಗಿಗೆ ಸಿಕ್ಕಿಸಿಕೊಳ್ಳುವ ಸುರಕ್ಷತಾ ಕೀಲಿಯನ್ನು ಎಳೆದೊಡನೆ ಬೆಲ್ಟು ನಿಲ್ಲುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬೇಕು. ಬಳಕೆ ಮುಗಿದ ಮೇಲೆ ಕೀಲಿಯನ್ನು ಮಕ್ಕಳ ಕೈಗೆಟುಕದಂತೆ ಎತ್ತಿಟ್ಟು, ಪ್ಲಗ್ ತೆಗೆಯಬೇಕು.

ಖರೀದಿಯ ವೇಳೆ

ಯಂತ್ರ ತಾಳುವ ಗರಿಷ್ಠ ತೂಕ ಬಳಸುವವರ ತೂಕಕ್ಕಿಂತ ಕನಿಷ್ಠ 20 ಕಿಲೋ ಹೆಚ್ಚಿರಲಿ. ವಾರಂಟಿ ಮೋಟಾರಿಗೆ ಮಾತ್ರವೇ, ಬೆಲ್ಟು ಮತ್ತು ವಿದ್ಯುನ್ಮಾನ ಭಾಗಗಳಿಗೂ ಇದೆಯೇ, ದುರಸ್ತಿಗೆ ಬರುವವರು ಯಾವ ಊರಿನವರು ಎಂಬುದನ್ನು ಕೇಳಬೇಕು. ಬೀದರಿನಲ್ಲೋ ಕಾರವಾರದಲ್ಲೋ ಇರುವವರಿಗೆ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಟ್ರೆಡ್‌ಮಿಲ್ಲಿನ ಬೆಲ್ಟಿನಡಿಗೆ ಕಾಲಕಾಲಕ್ಕೆ ಸಿಲಿಕೋನ್ ಎಣ್ಣೆ ಹಾಕಬೇಕು. ಕರಾವಳಿಯ ತೇವದಲ್ಲಿ ಬೆವರು ಒರೆಸದೆ ಬಿಟ್ಟರೆ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ.

ಹೇಳಿದ್ದೊಂದು, ಕೊಟ್ಟದ್ದೊಂದು ಎಂದಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಸರೆಯಿದೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಯಾರಿಗೆ ಯಾವುದು?

ನಡಿಗೆ ರೂಢಿಯಿದ್ದು ಮಳೆ ಅಥವಾ ರಸ್ತೆಯಿಂದಾಗಿ ಹೊರಗೆ ಹೋಗಲಾಗದವರಿಗೆ ಟ್ರೆಡ್‌ಮಿಲ್. ಮೊಣಕಾಲು ನೋವು, ಹೆಚ್ಚು ತೂಕ, ಇಕ್ಕಟ್ಟಾದ ಮನೆ ಇದ್ದವರಿಗೆ ಸೈಕಲ್. ಕೀಲುಗಳಿಗೆ ಪೆಟ್ಟಿಲ್ಲದೆ ಹೆಚ್ಚು ಶ್ರಮ ಬಯಸುವವರಿಗೆ ಕ್ರಾಸ್ ಟ್ರೈನರ್. ಬೆನ್ನು ಗಟ್ಟಿಯಿದ್ದು ಕ್ರಮ ಕಲಿಯುವ ತಾಳ್ಮೆಯುಳ್ಳವರಿಗೆ ರೋಯಿಂಗ್ ಯಂತ್ರ. ಹೃದ್ರೋಗ ಅಥವಾ ಎದೆನೋವಿನ ಇತಿಹಾಸವುಳ್ಳವರು ಯಾವುದನ್ನೇ ಆಗಲಿ ವೈದ್ಯರನ್ನು ಕಂಡ ಮೇಲೆಯೇ ಏರಬೇಕು. ಯಾವ ಯಂತ್ರವೂ ಎಲ್ಲರಿಗೂ ಶ್ರೇಷ್ಠವಲ್ಲ. 20 ನಿಮಿಷದ ಪರೀಕ್ಷೆಯ ಬಳಿಕ ನಾಳೆಯೂ ಇದನ್ನೇರಬಹುದು ಎಂದು ಯಾವುದರ ಮೇಲೆ ಅನಿಸುತ್ತದೆಯೋ ಅದನ್ನೇ ಮನೆಗೆ ತರಬೇಕು.