ಜಲಪಾತದ ಮೇಲೆ ಲೇಸರ್ ಪ್ರದರ್ಶನ: ನಯಾಗರಾದ ರಾತ್ರಿದೀಪಗಳ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ದೊಡ್ಡ ಜಲಪಾತವೊಂದರ ಮೇಲೆ ಲೇಸರ್ ಪ್ರದರ್ಶನ ಹೇಗೆ ಕಾಣುತ್ತದೆ ಎಂಬುದನ್ನು ಯಂತ್ರದ ಶಕ್ತಿಗಿಂತ ಹೆಚ್ಚಾಗಿ ಬೀಳುವ ನೀರಿನ ಸ್ಥಿತಿ ನಿರ್ಧರಿಸುತ್ತದೆ. ತಿಳಿನೀರಿನ ನಯವಾದ ಮೈಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ. 2ರಷ್ಟು ಮಾತ್ರ ಹಿಂದಿರುಗುತ್ತದೆ; ಉಳಿದದ್ದು ಒಳಹೊಕ್ಕು ಹೋಗುತ್ತದೆ. ಅದೇ ನೀರು ಬಂಡೆಯಂಚು ದಾಟಿ, ಗಾಳಿಯನ್ನು ಬೆರೆಸಿಕೊಂಡು, ಗುಳ್ಳೆಗಳೂ ಹನಿಗಳೂ ಆಗಿ ಒಡೆದಾಗ ಲೆಕ್ಕವಿಲ್ಲದಷ್ಟು ಪುಟ್ಟ ಮೇಲ್ಮೈಗಳು ಹುಟ್ಟುತ್ತವೆ. ಪ್ರತಿಯೊಂದೂ ಬೆಳಕನ್ನು ಇಷ್ಟಿಷ್ಟು ಚದುರಿಸುವುದರಿಂದ ನೊರೆ ಬೆಳ್ಳಗೆ ಕಾಣುತ್ತದೆ. ಪರದೆಯಾಗಬಲ್ಲದ್ದು ಹೀಗೆ ಒಡೆದ ನೀರು ಮಾತ್ರ. ನಯಾಗರಾದ ಕುದುರೆಲಾಳ ಜಲಪಾತದ ನಡುಭಾಗದಲ್ಲಿ, ನೀರು ದಪ್ಪವಾಗಿ ಧುಮುಕುವ ಕಡೆ, ಅಂಚಿನ ಕೆಳಗೆ ಹಸಿರು ಗಾಜಿನಂಥ ಪಟ್ಟಿಯೊಂದು ಹಗಲಿನಲ್ಲಿ ಎದ್ದು ಕಾಣುತ್ತದೆ. ಲೇಸರಿನ ಗೆರೆ ಆ ಪಟ್ಟಿಯ ಮೇಲೆ ಹಾಯ್ದಾಗ ಮಸುಕಾಗಿ, ಕೆಳಗಿನ ನೊರೆಗೆ ಇಳಿದೊಡನೆ ಪ್ರಖರವಾಗುತ್ತದೆ. ಚಿತ್ರದ ತಲೆಯನ್ನು ಜಲಪಾತದ ನೆತ್ತಿಗೆ ತಾಗಿಸಿ ಬಿಡಿಸಿದರೆ ತಲೆಯೇ ಕಾಣದೆ ಹೋಗುವುದು ಇದರಿಂದಾಗಿ.

ಈ ವಿಷಯದ ಅಧ್ಯಯನಕ್ಕೆ ನಯಾಗರಾ ಒದಗಿಸುವಷ್ಟು ಸಾಮಗ್ರಿಯನ್ನು ಇನ್ನೊಂದು ಜಲಪಾತ ಒದಗಿಸುವುದು ಕಷ್ಟ. ಕತ್ತಲಲ್ಲಿ ಅದಕ್ಕೆ ಬೆಳಕು ಹಾಯಿಸುವ ಪ್ರಯತ್ನಗಳಿಗೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಮುಂದೆ 7ನೇ ಎಡ್ವರ್ಡ್ ದೊರೆಯಾದ ವೇಲ್ಸ್ ರಾಜಕುಮಾರ 1860ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಬಂದಾಗ ಸುಮಾರು 200 ಬಣ್ಣದ ಮತ್ತು ಬಿಳಿಯ ದೀಪಗಳನ್ನು ದಡದುದ್ದಕ್ಕೂ, ಕಮರಿಯ ದಾರಿಯಲ್ಲೂ, ಬೀಳುವ ನೀರಿನ ಹಿಂದೆಯೂ ಇಟ್ಟು ಉರಿಸಲಾಯಿತು. ಅವು ಸುಣ್ಣದ ಬೆಳಕಿನ ಮತ್ತು ಮದ್ದಿನ ದೀಪಗಳು. ವಿದ್ಯುತ್ ಬೆಳಕು ಬಂದದ್ದು 1879ರಲ್ಲಿ. 1907ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡಬ್ಲ್ಯು. ಡಾರ್ಸಿ ರಯನ್ ಎಂಬ ಎಂಜಿನಿಯರ್ ಸರ್ಚ್‌ಲೈಟ್‌ಗಳ ಸಾಲುಗಳನ್ನು ನಿಲ್ಲಿಸಿ ನೂರು ಕೋಟಿ ಮೇಣಬತ್ತಿಗಳಿಗೂ ಮಿಕ್ಕ ಪ್ರಖರತೆಯನ್ನು ಜಲಪಾತದ ಮೇಲೆ ಹರಿಸಿದ. 1925ರಲ್ಲಿ ದೀಪಾಲಂಕಾರಕ್ಕೆಂದೇ ಮಂಡಳಿಯೊಂದು ರಚನೆಯಾಗಿ, 36 ಅಂಗುಲ ವ್ಯಾಸದ 24 ಕಾರ್ಬನ್ ಆರ್ಕ್ ದೀಪಗಳು ಕೆನಡಾದ ದಡದಲ್ಲಿ ಕಾಯಂ ಆಗಿ ನಿಂತವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ದೀಪಗಳು ಆರಿದವು. ಯುದ್ಧ ಮುಗಿದ ಮೇಲೂ ಕರೆಂಟಿನ ಅಭಾವ ಬಿಡಲಿಲ್ಲ. 1950ರ ಆರಂಭದವರೆಗೆ ಅವನ್ನು ನಿತ್ಯ ಬೆಳಗಿಸಲು ಸಾಧ್ಯವಾಗಲಿಲ್ಲ. ಆಮೇಲೆ ಝೆನಾನ್ ದೀಪಗಳ ಕಾಲ ಬಂತು, 2016ರ ಡಿಸೆಂಬರ್‌ನಿಂದ ಎಲ್‌ಇಡಿಗಳದು.

ಈ ಪರಂಪರೆಯ ದೀಪಗಳೆಲ್ಲ ಅಗಲ ಕಿರಣದವು. ಜಲಪಾತವನ್ನು ಇಡಿಯಾಗಿ ತೋಯಿಸುವುದು ಅವುಗಳ ಕೆಲಸ. ನೀರು ತನ್ನ ಆಕಾರದಲ್ಲೇ ಇರುತ್ತದೆ, ಬಣ್ಣ ಮಾತ್ರ ಬದಲಾಗುತ್ತದೆ. ಲೇಸರ್ ಇದಕ್ಕೆ ತೀರ ಬೇರೆ. ಥಿಯೋಡರ್ ಮೈಮನ್ 1960ರಲ್ಲಿ ಮೊದಲ ಮಾಣಿಕ್ಯ ಲೇಸರನ್ನು ಬೆಳಗಿಸಿದ ಹದಿಮೂರು ವರ್ಷಗಳಲ್ಲೇ, 1973ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ನ ಗ್ರಿಫಿತ್ ವೀಕ್ಷಣಾಲಯದ ತಾರಾಲಯದಲ್ಲಿ ಐವಾನ್ ಡ್ರಾಯರ್ ‘ಲೇಸೇರಿಯಂ’ ಎಂಬ ಪ್ರದರ್ಶನ ಆರಂಭಿಸಿದ. ಅಲ್ಲಿಂದ ಅದು ಬಯಲಿಗೂ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ಗ್ರ್ಯಾಂಡ್ ಕೂಲಿ ಅಣೆಕಟ್ಟೆಯ ಮೇಲೆ 1989ರಿಂದ ಬೇಸಿಗೆಯ ರಾತ್ರಿಗಳಲ್ಲಿ ಲೇಸರ್ ಚಿತ್ರಗಳು ಮೂಡತೊಡಗಿದವು. ಅಲ್ಲಿ ಪ್ರದರ್ಶನಕ್ಕೆಂದೇ ಕೋಡಿಯ ಮೇಲಿಂದ ತೆಳುವಾಗಿ ನೀರು ಬಿಟ್ಟು, ಕಾಂಕ್ರೀಟಿನ ಇಳಿಜಾರಿನುದ್ದಕ್ಕೂ ಬಿಳಿಯ ಪದರ ಹಾಸುವ ಪದ್ಧತಿ ಬೆಳೆಯಿತು. ಗೋಡೆ ಸಮ, ನೀರಿನ ದಪ್ಪ ಸಮ, ಗೇಟು ಕೈಯಲ್ಲಿ. ನೈಸರ್ಗಿಕ ಜಲಪಾತಕ್ಕೆ ಈ ಮೂರು ಅನುಕೂಲಗಳೂ ಇಲ್ಲ. ಅಣೆಕಟ್ಟೆಯ ಯಶಸ್ಸನ್ನು ತೋರಿಸಿ ಜಲಪಾತದ ಯೋಜನೆಗೆ ಅಂದಾಜುಪಟ್ಟಿ ತಯಾರಿಸುವುದು ಸರಿಯಾದ ಕ್ರಮವಾಗಲಾರದು.

ನಯಾಗರಾದಲ್ಲಿ ಗೇಟು ಇಲ್ಲವೆಂದೇನಲ್ಲ. ಅದು ಪ್ರದರ್ಶಕರ ಕೈಯಲ್ಲಿಲ್ಲ. ಅಮೆರಿಕ ಮತ್ತು ಕೆನಡಾ 1950ರ ಫೆಬ್ರುವರಿಯಲ್ಲಿ ಮಾಡಿಕೊಂಡ ಒಪ್ಪಂದದಂತೆ ಏಪ್ರಿಲ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗಿನ 8ರಿಂದ ರಾತ್ರಿ 10ರ ತನಕ ಜಲಪಾತದ ಮೇಲೆ ಕನಿಷ್ಠ 1,00,000 ಕ್ಯುಸೆಕ್ ನೀರು ಹರಿಯಬೇಕು. ಸೆಪ್ಟೆಂಬರ್ 16ರಿಂದ ಅಕ್ಟೋಬರ್ 31ರವರೆಗೆ ಈ ಅವಧಿ ರಾತ್ರಿ 8ಕ್ಕೇ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ, ಚಳಿಗಾಲದಲ್ಲಂತೂ ಹಗಲಿನಲ್ಲೂ, 50,000 ಕ್ಯುಸೆಕ್ ಬಿಟ್ಟರೆ ಸಾಕು. ಮಿಕ್ಕ ನೀರು ಎರಡೂ ದೇಶಗಳ ವಿದ್ಯುದಾಗಾರಗಳಿಗೆ ಸಲ್ಲುತ್ತದೆ. ಜಲಪಾತದ ಮೇಲ್ಭಾಗದ ನದಿಯಲ್ಲಿ ನಿಂತಿರುವ 18 ಗೇಟುಗಳ ಕಟ್ಟೆ ಈ ಹಂಚಿಕೆಯನ್ನು ನಡೆಸುತ್ತದೆ. ಜೂನ್ ತಿಂಗಳಲ್ಲಿ ಅಲ್ಲಿ ಪೂರ್ತಿ ಕತ್ತಲಾಗುವ ಹೊತ್ತಿಗೆ ಗಂಟೆ ಹತ್ತರ ಸಮೀಪ ಬಂದಿರುತ್ತದೆ. ಲೇಸರಿಗೆ ಬೇಕಾದ ಕತ್ತಲು ಸಿಗುವುದಕ್ಕೂ ನೀರು ಅರ್ಧಕ್ಕೆ ಇಳಿಯುವುದಕ್ಕೂ ನಡುವೆ ಉಳಿಯುವ ಸಮಯ ಬಹಳ ಕಡಿಮೆ. ಹರಿವು ಇಳಿದಾಗಲೂ ಜಲಪಾತದ ಅಂಚು ಎಲ್ಲೂ ಬರಿದಾಗದಿರಲೆಂದು 1950ರ ದಶಕದಲ್ಲಿ ಕುದುರೆಲಾಳದ ಎರಡೂ ಪಕ್ಕಗಳನ್ನು ಕಡಿದು ತಗ್ಗಿಸಲಾಗಿದೆ. ಆದ್ದರಿಂದ ಪರದೆ ತುಂಡಾಗುವುದಿಲ್ಲ, ಆದರೆ ತೆಳುವಾಗುತ್ತದೆ. ಪ್ರದರ್ಶನದ ವೇಳಾಪಟ್ಟಿಯನ್ನು ಈ ಒಪ್ಪಂದದ ವೇಳಾಪಟ್ಟಿಯ ಪಕ್ಕದಲ್ಲಿಟ್ಟುಕೊಂಡೇ ಬರೆಯಬೇಕಾಗುತ್ತದೆ.

ಲೇಸರ್ ಚಿತ್ರ ಬಿಡಿಸುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ರೊಜೆಕ್ಟರಿನೊಳಗೆ ಎರಡು ಪುಟ್ಟ ಕನ್ನಡಿಗಳಿರುತ್ತವೆ. ಒಂದು ಕಿರಣವನ್ನು ಅಡ್ಡಕ್ಕೆ, ಇನ್ನೊಂದು ಮೇಲೆ ಕೆಳಗೆ ಓಲಾಡಿಸುತ್ತದೆ. ಒಳ್ಳೆಯ ಸ್ಕ್ಯಾನರ್, ಎಂದರೆ ಇಂಥ ಕನ್ನಡಿಜೋಡಿ, 8 ಡಿಗ್ರಿ ಕೋನದೊಳಗೆ ಸೆಕೆಂಡಿಗೆ 30,000 ಬಿಂದುಗಳನ್ನು ಮುಟ್ಟಬಲ್ಲದು. ಚಿತ್ರ ಮಿಟುಕದಂತೆ ಕಾಣಲು ಅದನ್ನು ಸೆಕೆಂಡಿಗೆ 25 ಬಾರಿಯಾದರೂ ಮರುಬಿಡಿಸಬೇಕು. ಹಾಗಾಗಿ ಒಂದು ಚಿತ್ರಕ್ಕೆ ದಕ್ಕುವುದು 1,200 ಬಿಂದುಗಳು. 500 ಮೀಟರ್ ದೂರದಲ್ಲಿ 8 ಡಿಗ್ರಿಯೆಂದರೆ ಸುಮಾರು 70 ಮೀಟರ್ ಅಗಲ. ಕುದುರೆಲಾಳದ ಅಂಚಿನ ಉದ್ದ 670 ಮೀಟರ್, ಎತ್ತರ 57 ಮೀಟರ್. ಎಂದರೆ ಒಂದು ಯಂತ್ರ ಆವರಿಸುವುದು ಅದರ ಹತ್ತರಲ್ಲೊಂದು ಪಾಲನ್ನು. ಕೋನ ಹಿಗ್ಗಿಸಿದರೆ ಕನ್ನಡಿಗಳ ವೇಗ ಕುಗ್ಗುತ್ತದೆ. ಮೇಲಾಗಿ ಲೇಸರ್ ಕಿರಣವೂ ದೂರ ಹೋದಂತೆ ಹರಡುತ್ತದೆ. ಹರಡುವಿಕೆ ಒಂದು ಮಿಲಿರೇಡಿಯನ್ ಇದ್ದರೆ 500 ಮೀಟರ್‌ನಲ್ಲಿ ಗೆರೆಯ ದಪ್ಪ ಅರ್ಧ ಮೀಟರ್ ಆಗಿರುತ್ತದೆ. ಇಷ್ಟು ದಪ್ಪದ ಗೆರೆಯಲ್ಲಿ ರೋಮನ್ ಲಿಪಿಯ ಅಕ್ಷರಕ್ಕೆ ಐದಾರು ಮೀಟರ್ ಎತ್ತರ ಬೇಕು. ಸುಳಿ, ತಲೆಕಟ್ಟು, ಒತ್ತಕ್ಷರಗಳಿರುವ ಕನ್ನಡದ ಅಕ್ಷರಕ್ಕೆ ಹತ್ತು ಮೀಟರ್ ಕೊಟ್ಟರೂ ಇಕ್ಕಟ್ಟೇ.

ಬೆಳಕಿನ ಲೆಕ್ಕವೂ ಇಲ್ಲೇ ಬರುತ್ತದೆ. 532 ನ್ಯಾನೋಮೀಟರ್ ತರಂಗಾಂತರದ ಹಸಿರು ಲೇಸರ್ 10 ವ್ಯಾಟ್ ಶಕ್ತಿಯದಾದರೆ ಅದು ಸುಮಾರು 6,000 ಲ್ಯೂಮೆನ್ ಬೆಳಕು ಕೊಡುತ್ತದೆ. ಚಿತ್ರದ ಒಟ್ಟು ಗೆರೆ 300 ಮೀಟರ್ ಉದ್ದ, ಅರ್ಧ ಮೀಟರ್ ದಪ್ಪ ಇದೆಯೆಂದುಕೊಂಡರೆ ಗೆರೆಯ ಮೇಲೆ ಬೀಳುವ ಸರಾಸರಿ ಬೆಳಕು 40 ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸಿನ ಆಸುಪಾಸಿನಲ್ಲಿರುವುದರಿಂದ ಬೆಳದಿಂಗಳಲ್ಲೂ ಗೆರೆ ನಿಚ್ಚಳವಾಗಿ ಕಾಣುತ್ತದೆ. ಅದೇ ಬೆಳಕನ್ನು 70 ಮೀಟರ್ ಅಗಲ, 50 ಮೀಟರ್ ಎತ್ತರದ ತುಂಬುಚಿತ್ರಕ್ಕೆ ಹಂಚಿದರೆ ಪಾಲಿಗೆ ಬರುವುದು ಎರಡು ಲಕ್ಸಿಗೂ ಕಡಿಮೆ. ಲೇಸರಿನಿಂದ ಗೆರೆ ಎಳೆಯಬೇಕೇ ಹೊರತು ಬಣ್ಣ ತುಂಬಬಾರದು ಎಂಬುದನ್ನು ಈ ಎರಡು ಸಂಖ್ಯೆಗಳೇ ಹೇಳುತ್ತವೆ. ಕೆಂಪಿನಲ್ಲಿ ಹಸಿರಿನಷ್ಟೇ ಪ್ರಖರತೆ ಬೇಕಾದರೆ ನಾಲ್ಕೈದು ಪಟ್ಟು ಶಕ್ತಿ ಬೇಕು. ಕಡುನೀಲಿಗೆ ಮೂವತ್ತು ಪಟ್ಟಿನ ಹತ್ತಿರ, ಏಕೆಂದರೆ ಆ ತುದಿಯಲ್ಲಿ ಕಣ್ಣಿನ ಸಂವೇದನೆ ಅಷ್ಟು ಕಡಿಮೆ. ಜೊತೆಗೆ, ಪ್ರಖರ ದೀಪ ನೋಡಿದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಆದ್ದರಿಂದ ಲೇಸರ್ ಮೊದಲು, ಬಣ್ಣದ ದೀಪಗಳು ಆಮೇಲೆ ಎಂಬ ಅನುಕ್ರಮವೇ ಯೋಗ್ಯ. ಎರಡನ್ನೂ ಒಟ್ಟಿಗೆ ಉರಿಸಿದರೆ ಲೇಸರಿಗೆ ಖರ್ಚು ಮಾಡಿದ ಹಣ ನೀರುಪಾಲಾಗುತ್ತದೆ.

ಜಲಪಾತದಲ್ಲಿ ಲೇಸರ್ ನಿಜವಾಗಿ ಶೋಭಿಸುವುದು ಬೀಳುವ ನೀರಿಗಿಂತ ಮೇಲೇಳುವ ತುಂತುರಿನಲ್ಲಿ. ಹನಿಗಳ ಗಾತ್ರ ಬೆಳಕಿನ ತರಂಗಾಂತರಕ್ಕಿಂತ ಹಲವು ಪಟ್ಟು ದೊಡ್ಡದಾದ್ದರಿಂದ ಅವು ಬೆಳಕನ್ನು ಬಹುಪಾಲು ಮುಂದಕ್ಕೇ ಚದುರಿಸುತ್ತವೆ. ಯಂತ್ರದ ಪಕ್ಕದಲ್ಲೇ ನಿಂತು ನೋಡುವವರಿಗೆ ಕಿರಣ ಸಪ್ಪೆಯಾಗಿ ಕಾಣುತ್ತದೆ. ಎದುರು ದಿಕ್ಕಿನಿಂದ, ಕಿರಣ ತನ್ನ ಕಡೆಗೆ ಓರೆಯಾಗಿ ಬರುವಂತೆ ನಿಂತವರಿಗೆ ಅದೇ ಕಿರಣ ಥಳಥಳಿಸುತ್ತದೆ. ಯಂತ್ರವನ್ನು ಎಲ್ಲಿಡಬೇಕು, ಜನರನ್ನು ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ ಈ ಒಂದು ಅಂಶದ ಮೇಲೆ ನಿಂತಿದೆ. ತುಂತುರಿನಲ್ಲಿ ಕಿರಣವನ್ನು ಆಡಿಸುವ ಕಲ್ಪನೆ ಲೇಸರಿಗಿಂತ ಹಳೆಯದು. ಮೇಲೆ ಹೇಳಿದ ರಯನ್ 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ 48 ಸರ್ಚ್‌ಲೈಟ್‌ಗಳ ಬೀಸಣಿಗೆಯನ್ನು ಆಕಾಶಕ್ಕೆ ಬಿಚ್ಚಿದಾಗ, ಮಂಜು ಇಲ್ಲದ ರಾತ್ರಿಗಳಿಗೆಂದು ರೈಲು ಎಂಜಿನ್ನಿನಿಂದ ಹಬೆ ಬಿಡಿಸಿ ಪರದೆ ಕಟ್ಟಿದ್ದ. ಜಲಪಾತ ಆ ಹಬೆಯನ್ನು ತಾನಾಗಿ ಒದಗಿಸುತ್ತದೆ, ಆದರೆ ತನಗೆ ಬೇಕೆನಿಸಿದಷ್ಟು. ಬಫಲೊ ವಿಶ್ವವಿದ್ಯಾಲಯದ ಭೂವಿಜ್ಞಾನಿ ಮಾರ್ಕಸ್ ಬರ್ಸಿಕ್ ನಡೆಸಿದ ಅಧ್ಯಯನದಂತೆ ನಯಾಗರಾದ ತುಂತುರಿನ ಏಳುವಿಕೆಯಲ್ಲಿ ಗಾಳಿಯ ಮತ್ತು ನೀರಿನ ಉಷ್ಣತೆಗಳ ವ್ಯತ್ಯಾಸಕ್ಕೆ ದೊಡ್ಡ ಪಾತ್ರವಿದೆ: ನೀರಿಗಿಂತ ಗಾಳಿ ತಂಪಾದಷ್ಟೂ ತುಂತುರು ಮೇಲೇರುತ್ತದೆ. ಹೀಗೆ ಎದ್ದ ಮೋಡ ದಟ್ಟವಾದರೆ ಹಿಂದಿನ ಜಲಪಾತವೇ ಮರೆಯಾಗುತ್ತದೆ. ಆದ್ದರಿಂದ ಪ್ರತಿ ಪ್ರದರ್ಶನಕ್ಕೂ ಎರಡು ಪಾಠಗಳು ಸಿದ್ಧವಿರಬೇಕು. ತುಂತುರು ತೆಳುವಾಗಿದ್ದಾಗ ನೊರೆಯ ಮೇಲೆ ಗೆರೆ, ದಟ್ಟವಾಗಿದ್ದಾಗ ಗಾಳಿಯಲ್ಲಿ ಕಿರಣ.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿಗೆ ಎಡೆಯಿಲ್ಲ. ಅರ್ಧ ವ್ಯಾಟಿಗಿಂತ ಹೆಚ್ಚಿನ ಲೇಸರುಗಳೆಲ್ಲ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅತಿ ಅಪಾಯದ 4ನೇ ವರ್ಗಕ್ಕೆ ಸೇರುತ್ತವೆ. ಕಣ್ಣು ತಾನಾಗಿ ಮುಚ್ಚಿಕೊಳ್ಳಲು ಬೇಕಾದ ಕಾಲು ಸೆಕೆಂಡಿನಲ್ಲಿ ಅದು ತಾಳಬಲ್ಲ ಮಿತಿ ಚದರ ಸೆಂಟಿಮೀಟರಿಗೆ 2.5 ಮಿಲಿವ್ಯಾಟಿನಷ್ಟು. ಒಂದು ಮಿಲಿರೇಡಿಯನ್ ಹರಡುವ, ನಿಂತಲ್ಲೇ ನಿಂತ 10 ವ್ಯಾಟ್ ಕಿರಣ ಈ ಮಿತಿಗೆ ಇಳಿಯುವುದು ಸುಮಾರು 700 ಮೀಟರ್ ಸಾಗಿದ ಮೇಲೆ. ಅಲ್ಲಿಯವರೆಗಿನ ದಾರಿಯಲ್ಲಿ ಯಾರ ಕಣ್ಣೂ ಇರಕೂಡದು. ನಯಾಗರಾದಲ್ಲಿ ಕೆಳಗೆ ದೋಣಿಗಳಿವೆ, ಪಕ್ಕದಲ್ಲಿ ಕಟಾಂಜನಕ್ಕೆ ಒರಗಿದ ಜನರಿದ್ದಾರೆ, ಎದುರು ದಡದಲ್ಲಿ ಇನ್ನೊಂದು ದೇಶದ ವೀಕ್ಷಕರಿದ್ದಾರೆ. ಪ್ರೇಕ್ಷಕರು ನಿಲ್ಲುವ ನೆಲದಿಂದ ಮೂರು ಮೀಟರ್ ಮೇಲೆ, ಪಕ್ಕಕ್ಕೆ ಎರಡೂವರೆ ಮೀಟರ್ ಆಚೆ ಕಿರಣ ಇರಬೇಕೆಂಬುದು ಅಮೆರಿಕದ ನಿಯಮ. ಸ್ಕ್ಯಾನರ್ ಕೆಟ್ಟು ಕನ್ನಡಿ ನಿಂತರೆ ಕಿರಣವನ್ನು ತಕ್ಷಣ ಆರಿಸುವ ಸಾಧನ ಬೇಕು, ತುರ್ತು ಗುಂಡಿಯ ಪಕ್ಕದಲ್ಲಿ ಆಪರೇಟರ್ ಕೂತಿರಬೇಕು.

ವಿಮಾನಗಳ ಲೆಕ್ಕ ಇನ್ನೂ ಕಠಿಣ. ನಿಲ್ದಾಣದ ಸುತ್ತ ಪೈಲಟ್‌ನ ಕಣ್ಣು ಕೋರೈಸದಿರಲು ಅಮೆರಿಕದ ವಿಮಾನಯಾನ ಆಡಳಿತ ಇಟ್ಟಿರುವ ಮಿತಿ ಚದರ ಸೆಂಟಿಮೀಟರಿಗೆ 5 ಮೈಕ್ರೋವ್ಯಾಟ್. ಅದೇ 10 ವ್ಯಾಟ್ ಕಿರಣ ಈ ಮಿತಿಗೆ ಇಳಿಯಬೇಕಾದರೆ 16 ಕಿಲೋಮೀಟರಿನಷ್ಟು ಸಾಗಬೇಕು. ನಯಾಗರಾ ಫಾಲ್ಸ್ ವಿಮಾನ ನಿಲ್ದಾಣ ಜಲಪಾತದಿಂದ ಅಷ್ಟು ದೂರದಲ್ಲಿಲ್ಲ. ಹೀಗಾಗಿ ಕಿರಣಗಳೆಲ್ಲ ನೀರಿನಲ್ಲೋ ಬಂಡೆಯಲ್ಲೋ ಕೊನೆಗಾಣಬೇಕು, ಆಕಾಶಕ್ಕೆ ತೆರೆದುಕೊಳ್ಳಕೂಡದು. ನೀರಿನ ಪರದೆಗೆ ಗಾಳಿಯಿಂದ ತೂತು ಬಿದ್ದರೂ ಹಿಂದೆ ಬಂಡೆ ಇರುವ ಕಡೆಯನ್ನೇ ಆರಿಸಿಕೊಳ್ಳಬೇಕು.

ಹಕ್ಕಿಗಳ ಮಾತನ್ನು ಯೋಜನಾ ವರದಿಗಳ ಕೊನೆಯ ಪುಟಕ್ಕೆ ತಳ್ಳುವುದು ತಪ್ಪು. ನಯಾಗರಾ ನದಿಯ ಕಮರಿ ಜಾಗತಿಕ ಮಹತ್ವದ ಪಕ್ಷಿತಾಣವೆಂದು ಗುರುತಿಸಲ್ಪಟ್ಟಿದೆ. ಶರತ್ಕಾಲ ಮತ್ತು ಚಳಿಗಾಲದಲ್ಲಿ ಅಲ್ಲಿಗೆ ಗಲ್ ಎಂಬ ಕಡಲಹಕ್ಕಿಗಳು ಸಾವಿರಗಟ್ಟಲೆ ಬರುತ್ತವೆ. ವಿಮಾನ ನಿಲ್ದಾಣಗಳಿಂದಲೂ ಹೊಲಗಳಿಂದಲೂ ಹಕ್ಕಿಗಳನ್ನು ಓಡಿಸಲು ಚಲಿಸುವ ಲೇಸರ್ ಕಿರಣವನ್ನೇ ಉಪಯೋಗಿಸುತ್ತಾರೆ ಎಂಬುದನ್ನು ಗಮನಿಸಿದರೆ, ಹಕ್ಕಿಗಳು ರಾತ್ರಿ ತಂಗುವ ಬಂಡೆಗಳ ಮೇಲೆ ಅದನ್ನು ಆಡಿಸುವುದರ ಪರಿಣಾಮಕ್ಕೆ ಬೇರೆ ಪುರಾವೆ ಬೇಕಿಲ್ಲ. ತಂಗುದಾಣಗಳನ್ನು ಮೊದಲು ನಕ್ಷೆಯಲ್ಲಿ ಗುರುತಿಸಿ, ಸ್ಕ್ಯಾನರಿನ ತಂತ್ರಾಂಶದಲ್ಲೇ ಆ ಭಾಗಗಳಿಗೆ ಬೆಳಕು ಹೋಗದಂತೆ ತಡೆಯಬಹುದು. ವಲಸೆಯ ತಿಂಗಳುಗಳಲ್ಲಿ ಪ್ರದರ್ಶನವನ್ನೇ ನಿಲ್ಲಿಸುವುದು ಇನ್ನೂ ಒಳ್ಳೆಯದು.

ಧ್ವನಿಯ ವಿಷಯ ಸರಳ. 500 ಮೀಟರ್ ದಾಟಲು ಶಬ್ದಕ್ಕೆ ಸುಮಾರು ಒಂದೂವರೆ ಸೆಕೆಂಡು ಬೇಕು, ಆದ್ದರಿಂದ ಸ್ಪೀಕರುಗಳು ಪ್ರೇಕ್ಷಕರ ಹತ್ತಿರವೇ ಇರಬೇಕು. ಭೋರ್ಗರೆತವನ್ನು ಮೀರಿಸುವ ಸ್ಪರ್ಧೆಗೆ ಇಳಿಯಬಾರದು.

ಕರ್ನಾಟಕದಲ್ಲಿ ಈ ವಿಚಾರ ನೇರವಾಗಿ ಅನ್ವಯವಾಗುವುದು ಸಾಗರ ತಾಲ್ಲೂಕಿನ ಜೋಗಕ್ಕೆ. ಅಲ್ಲಿಯ ಪರಿಸ್ಥಿತಿ ಹಲವು ವಿಧದಲ್ಲಿ ನಯಾಗರಾಕ್ಕೆ ತಿರುಗುಮುರುಗು. ಎತ್ತರ 253 ಮೀಟರ್. ನೀರು ಒಂದೇ ಹಾಸಾಗಿ ಬೀಳದೆ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಇಳಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ ಮೇಲೆ ಶರಾವತಿಯ ಹರಿವು ವಿದ್ಯುತ್ ಉತ್ಪಾದನೆಗೆ ಒಳಪಟ್ಟು, ಬೇಸಿಗೆಯಲ್ಲಿ ಕವಲುಗಳು ಎಳೆಗಳಾಗುತ್ತವೆ. ಆಗ ಲೇಸರಿಗೆ ಸಿಗುವ ಪರದೆ ಬಂಡೆ. ಅದರ ಕಡುಬಣ್ಣ ಬೆಳಕನ್ನು ನುಂಗುತ್ತದೆ. ಮಳೆಗಾಲದಲ್ಲಿ ನೀರು ತುಂಬಿದಾಗ ಕಣಿವೆಯಿಂದ ಏಳುವ ಮಂಜು ಜಲಪಾತವನ್ನು ಹಗಲಿನಲ್ಲೇ ಗಂಟೆಗಟ್ಟಲೆ ಮುಚ್ಚುತ್ತದೆ. ಜನರು ನಿಲ್ಲುವುದು ಕಮರಿಯ ಎದುರು ಅಂಚಿನಲ್ಲಿ; ಯಂತ್ರವನ್ನೂ ಅಲ್ಲೇ ಇಟ್ಟರೆ ಮಂಜಿನಲ್ಲಿ ಕಿರಣ ಸಪ್ಪೆಯಾಗುವ ಕಡೆಗೇ ಪ್ರೇಕ್ಷಕರನ್ನು ನಿಲ್ಲಿಸಿದಂತಾಗುತ್ತದೆ. ಜೋಗದ ಬಂಡೆಗೋಡೆಗಳು ಸ್ವಿಫ್ಟ್ ಜಾತಿಯ ಬಾನಾಡಿಗಳ ರಾತ್ರಿತಂಗು. ಸುತ್ತಲಿನ ಕಾಡು 2019ರಿಂದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಹೆಸರಿನಲ್ಲಿದೆ. ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಲ್ಲಿ ಉಳಿಯುವ ಅವಕಾಶ ಮಳೆ ಹಿಂದೆಗೆದು ಹರಿವು ಇನ್ನೂ ಬತ್ತದ ಕೆಲವು ವಾರಗಳದು. ಆ ವಾರಗಳಲ್ಲೂ ಗೋಡೆಯ ಬಂಡೆಗಳನ್ನು ಕತ್ತಲಲ್ಲೇ ಬಿಟ್ಟು, ನೀರಿನ ಕವಲುಗಳನ್ನಷ್ಟೇ ಮಂದವಾದ ಬಿಳಿ ದೀಪದಿಂದ ತೋರಿಸುವ ವ್ಯವಸ್ಥೆ ಲೇಸರಿಗಿಂತ ಹೆಚ್ಚು ಹೊಂದುತ್ತದೆ. ಲೇಸರ್ ಬೇಕೇ ಬೇಕೆಂದಾದರೆ ಅದಕ್ಕೆ ತಕ್ಕ ಜಾಗ ಜಲಪಾತದಿಂದ ದೂರದ ಆವರಣದಲ್ಲಿ ಕಟ್ಟಿದ ಕಾರಂಜಿಯ ನೀರು. ನಯಾಗರಾದ ದಡದಲ್ಲೂ 1905ರಿಂದ 2006ರವರೆಗೆ ನಡೆದ ಹಳೆಯ ವಿದ್ಯುದಾಗಾರವೊಂದರ ಒಳಗೋಡೆಗಳ ಮೇಲೆ ಈಗ ಬೆಳಕಿನ ಚಿತ್ರಕಥನ ನಡೆಯುತ್ತದೆ, ಹೊರಗಿನ ಜಲಪಾತಕ್ಕೆ ಬಣ್ಣದ ದೀಪಗಳಷ್ಟೇ ಬೀಳುತ್ತವೆ.